ಇತಿಹಾಸದ ಪಾಠದಲ್ಲಿ ಮೂಲ ಆಕರಗಳು

ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಈ ಶಾಲೆಯಲ್ಲಿ ಕಳೆದ ಬಾಲ್ಯದ ನೆನಪುಗಳನ್ನು ಬರೆಯುವುದೇ ಸುಲಭವೆಂದು ಮೊದಲು ತೋರಿತು. ಆದರೆ ಆ ಕಾರ್ಯವನ್ನು ನನಗಿಂತ ಚೆನ್ನಾಗಿ ಮಾಡಬಲ್ಲ ಹಿರಿಯ ವಿದ್ಯಾರ್ಥಿಗಳು ಅನೇಕರಿರುವರು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಈ ಸೀಮೆಯ ಕಾಲೇಜುಗಳಲ್ಲಿ ಇತಿಹಾಸವನ್ನು ಬೋಧಿಸಿದವನಾದುದರಿಂದ, ಆ ವೃತ್ತಿಯಲ್ಲಿ ನಾನು ತಡವಾಗಿ ಕಂಡುಕೊಂಡ ಒಂದು ವಿಚಾರವನ್ನು ಅಧ್ಯಾಪಕ ಬಂಧುಗಳ ಮುಂದೆಯೂ ಸಂಸ್ಥೆಯ ಪೋಷಕರಾದ ದಾನಿಗಳ ಮುಂದೆಯೂ ಇಡುವುದು ಲೇಸೆಂದು ಭಾವಿಸಿದ್ದೇನೆ. ದಾನಿಗಳಿಗೆ ಇದರಲ್ಲಿ ಏನು ಸಂಬಂಧವೆಂಬುದು ಲೇಖನದ ಕಡೆಯಲ್ಲಿ ತಿಳಿದುಬರುವುದು.

ಕಾಲೇಜಿಗೆ ಬರುವ ನಮ್ಮ ಕಡೆಯ ವಿದ್ಯಾರ್ಥಿಗೆ ಇತಿಹಾಸವೆಂದರೆ ಬೇರೆಲ್ಲಿಯೋ ನಡೆದ ಸಂಗತಿ. ಪಾಣಿಪತ್ತಿನಲ್ಲಿ ನಡೆದದ್ದು, ಪ್ಯಾರಿಸಿನಲ್ಲಿ ನಡೆದದ್ದು, ಹೆಚ್ಚೆಂದರೆ ಹಂಪೆಯಲ್ಲಿಯೋ ಶ್ರೀರಂಗಪಟ್ಟಣದಲ್ಲಿಯೋ ನಡೆದದ್ದು. ತರಗತಿಯಲ್ಲಿ ಉಪನ್ಯಾಸಕರು ಹೇಳಿ ಬರೆಸುವ ಟಿಪ್ಪಣಿ, ಅಂಗಡಿಯಲ್ಲಿ ಸಿಗುವ ಗೈಡು, ಪರೀಕ್ಷೆಯಲ್ಲಿ ಐದು ಅಂಶಗಳ ಉತ್ತರ, ಇಷ್ಟರಲ್ಲಿ ಮೂರು ವರ್ಷ ಮುಗಿದುಹೋಗುತ್ತದೆ. ಒಮ್ಮೆ ನಾನು ತರಗತಿಯಲ್ಲಿ, "ನಿಮ್ಮ ನಿಮ್ಮ ಊರಿನ ಇತಿಹಾಸವನ್ನು ಒಂದು ಪುಟದಲ್ಲಿ ಬರೆದು ತನ್ನಿ" ಎಂದಾಗ ಮದ್ದೂರಿನ ಕಡೆಯ ಒಬ್ಬ ಹುಡುಗ ಎದ್ದು ನಿಂತು, "ನಮ್ಮೂರಲ್ಲಿ ಏನದೆ ಸಾರ್? ಗದ್ದೆ ಅದೆ, ಕಬ್ಬದೆ" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ಹುಡುಗನ ಊರಿನಿಂದ ಕೂಗಳತೆಯ ದೂರದಲ್ಲಿ ಕನ್ನಡನಾಡಿನ ಅತ್ಯಂತ ಹೆಸರಾಂತ ಶಾಸನಗಳಲ್ಲೊಂದು ಸಾವಿರ ವರ್ಷಗಳ ಹಿಂದೆ ನೆಟ್ಟು ನಿಂತಿತ್ತೆಂಬುದನ್ನು ಅಂದು ನಾನು ಹೇಳಲಿಲ್ಲ. ಪಠ್ಯಕ್ರಮದಲ್ಲಿ ಅದಕ್ಕೆ ಸ್ಥಳವಿರಲಿಲ್ಲ ಎಂಬುದು ನೆಪ. ನನಗೇ ಅದು ಹೊಳೆದಿರಲಿಲ್ಲವೆಂಬುದು ನಿಜ.

ಅದಕ್ಕಿಂತ ಹೆಚ್ಚಿನ ತಪ್ಪೊಂದನ್ನೂ ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ೧೯೯೬ರ ಸುಮಾರಿಗೆ ನಾನು ಬೋಧಿಸುತ್ತಿದ್ದ ಒಂದು ಕಾಲೇಜಿನಲ್ಲಿ ಶಿವಪುರದ ಆಸುಪಾಸಿನಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ, ಅಸೈನ್‌ಮೆಂಟಿನ ಸಲುವಾಗಿ ತನ್ನ ಅಜ್ಜಿಯನ್ನು ಕೂರಿಸಿಕೊಂಡು, ೧೯೩೮ರ ಧ್ವಜ ಸತ್ಯಾಗ್ರಹದ ದಿನಗಳಲ್ಲಿ ಆಕೆ ಕಂಡದ್ದನ್ನು ಆಕೆಯ ಮಾತಿನಲ್ಲಿಯೇ ಬರೆದು ತಂದಿದ್ದಳು. ಆಗ ಆ ಅಜ್ಜಿ ಹತ್ತು ಹನ್ನೊಂದು ವರ್ಷದ ಹುಡುಗಿ. ನಾನು ಅದನ್ನು ಓದಿ, ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿ, ಹತ್ತಕ್ಕೆ ಏಳು ಅಂಕ ಕೊಟ್ಟೆ. ಕೆಲವು ವರ್ಷಗಳಾದ ಮೇಲೆ ಆಕೆ ಕೈಗೂಸಿನೊಡನೆ ನನ್ನನ್ನು ಹುಡುಕಿಕೊಂಡು ಬಂದಳು. ಅಜ್ಜಿ ತೀರಿಕೊಂಡಿದ್ದರು, ಆ ಹಾಳೆಗಳು ಬೇಕಾಗಿದ್ದುವು. ಕಾಲೇಜಿನಲ್ಲಿ ವಿಚಾರಿಸಿದಾಗ, ನಿಯಮದ ಅವಧಿ ಮುಗಿದ ಉತ್ತರ ಪತ್ರಿಕೆಗಳೊಡನೆ ಅವನ್ನೂ ರದ್ದಿಗೆ ತೂಕಕ್ಕೆ ಹಾಕಿದ್ದರೆಂದು ತಿಳಿಯಿತು. ನಿಯಮದಂತೆ ನಡೆದವರನ್ನು ದೂರಿ ಫಲವಿಲ್ಲ. "ನಿಮಗೇನಾದರೂ ನೆನಪಿದೆಯೇ ಸಾರ್?" ಎಂದು ಆಕೆ ಕೇಳಿದಳು. ಕೊಟ್ಟ ಅಂಕವು ನನಗೆ ನೆನಪಿತ್ತು. ಅಜ್ಜಿ ಹೇಳಿದ್ದೇನೆಂಬುದು ನೆನಪಿರಲಿಲ್ಲ.

ಇಂಥ ಬರಹಕ್ಕೆ ಶಿಕ್ಷಣಶಾಸ್ತ್ರಜ್ಞರು ಈಚೆಗೆ ಒಂದು ಹೆಸರಿಟ್ಟಿರುವರು. ಅಮೆರಿಕದ ಡೇವಿಡ್ ವೈಲಿ ಎಂಬವರು ೨೦೧೩ರಲ್ಲಿ ಇದನ್ನು ಬಿಸಾಡತಕ್ಕ ಅಸೈನ್‌ಮೆಂಟು ಎಂದು ಕರೆದರು. ವಿದ್ಯಾರ್ಥಿ ಬರೆಯುತ್ತಾನೆ, ಅಧ್ಯಾಪಕನೊಬ್ಬನೇ ಓದುತ್ತಾನೆ, ಅಂಕ ಬಿದ್ದೊಡನೆ ಅದರ ಆಯುಸ್ಸು ತೀರುತ್ತದೆ. ಹೀಗಾಗದಂತೆ, ವಿದ್ಯಾರ್ಥಿಯ ಕೆಲಸವು ಮುಂದಿನ ವಿದ್ಯಾರ್ಥಿಗೂ ಊರಿನವರಿಗೂ ಉಪಯೋಗಕ್ಕೆ ಬರುವಂತೆ, ಯಾರು ಬೇಕಾದರೂ ಓದಿ, ತಿದ್ದಿ, ಬಳಸುವಂತೆ ಬಹಿರಂಗವಾಗಿ ಇಡುವ ಬೋಧನಾಕ್ರಮಕ್ಕೆ ಮುಕ್ತ ಬೋಧನೆಯೆಂದು ಹೆಸರು. ಮೈಸೂರಿನಲ್ಲಿ ೧೯೯೬ರಲ್ಲಿ ಆರಂಭವಾದ ಮುಕ್ತ ವಿಶ್ವವಿದ್ಯಾನಿಲಯದ ಹೆಸರಿನಲ್ಲಿರುವ 'ಮುಕ್ತ'ಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ತೆರೆದಿರುವುದು ಪ್ರವೇಶದ ಬಾಗಿಲು. ಇಲ್ಲಿ ತೆರೆದಿರಬೇಕಾದುದು ಕಲಿಕೆಯ ಫಲ. ಈ ಕ್ರಮಕ್ಕೆ ಮೂಲ ಆಕರಗಳಷ್ಟು ಒದಗಿಬರುವ ಸಾಮಗ್ರಿ ಬೇರೊಂದಿಲ್ಲ. ಏಕೆಂದರೆ ಶಾಸನ, ಕಡತ, ಸರ್ಕಾರಿ ಆದೇಶ, ಹಳೆಯ ಪತ್ರಿಕೆ, ಮುದುಕರ ಮಾತು ಇವುಗಳನ್ನು ಕುರಿತು ಗೈಡಿನಲ್ಲಿ ಸಿದ್ಧ ಉತ್ತರ ಸಿಕ್ಕುವುದಿಲ್ಲ. ವಿದ್ಯಾರ್ಥಿ ಅಲ್ಲಿ ಓದಲೇಬೇಕು, ಯೋಚಿಸಲೇಬೇಕು.

ಆತಕೂರಿನ ಶಾಸನವನ್ನೇ ತೆಗೆದುಕೊಳ್ಳೋಣ. ಮದ್ದೂರು ತಾಲ್ಲೂಕಿನ ಈ ಊರನ್ನು ಜನರು ಈಗ ಆತಗೂರು ಎನ್ನುವರು. ಶಕವರ್ಷ ೮೭೨, ಅಂದರೆ ಕ್ರಿ.ಶ. ೯೪೯-೫೦ರ ಕಾಲದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದುದು, ಆ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದುದು, ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳು ದೊರೆತುದು ಇವೆಲ್ಲ ಅದರಿಂದ ತಿಳಿಯುತ್ತವೆ. ದಕ್ಷಿಣ ಭಾರತದ ಇತಿಹಾಸವನ್ನು ಬರೆದ ವಿದ್ವಾಂಸರೆಲ್ಲರೂ ಈ ಕಲ್ಲಿನತ್ತ ತಿರುಗಿ ನೋಡಿದವರೇ. ಆದರೆ ಕಲ್ಲನ್ನು ನೆಟ್ಟದ್ದು ಅರಸನ ಗೆಲುವಿಗಾಗಿ ಅಲ್ಲ, ಒಂದು ನಾಯಿಗಾಗಿ. ಬೂತುಗನ ಬಂಟನಾದ ಮಣಲೆರನು ಯುದ್ಧದಲ್ಲಿ ಪರಾಕ್ರಮ ತೋರಿದಾಗ, ಮೆಚ್ಚಿದ ಅರಸನು ಬೇಡಿದ್ದನ್ನು ಕೊಡುವೆನೆಂದನು. ಮಣಲೆರನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಬೆಳತೂರಿನ ಪಡುವಣ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಡಲು, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನೆಟ್ಟು, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ಆ ನಾಯಿಯ ಪಾಪವು ಅವನಿಗೆ ತಟ್ಟುವುದೆಂದೂ ಅದರಲ್ಲಿ ಹೇಳಿದೆ.

ಈ ಕಥೆಯನ್ನು ಹೀಗೆ ನಾನೇ ಹೇಳಿಬಿಟ್ಟರೆ ಅದೂ ಒಂದು ಟಿಪ್ಪಣಿಯೇ ಆಗುವುದು. ಆದುದರಿಂದ ಕೆಲವು ವರ್ಷಗಳ ಬಳಿಕ, ಅನುವಾದವನ್ನಾಗಲಿ ಸಾರಾಂಶವನ್ನಾಗಲಿ ಕೊಡದೆ, ಶಾಸನದ ಪಾಠವನ್ನು ಮಾತ್ರ ನಕಲು ಮಾಡಿಸಿ ಹಂಚಿದೆ. ನಾಲ್ಕು ನಾಲ್ಕು ಜನರ ಗುಂಪು. "ನಿಮಗೆ ಗೊತ್ತಿರುವ ಮಾತುಗಳ ಕೆಳಗೆ ಗೆರೆ ಹಾಕಿ" ಎಂಬುದಷ್ಟೇ ನನ್ನ ಸೂಚನೆ. ಮೊದಲ ಹತ್ತು ನಿಮಿಷ ಗೊಣಗಾಟ. ಆಮೇಲೆ ಒಬ್ಬನಿಗೆ ನಾಯಿ ಸಿಕ್ಕಿತು, ಇನ್ನೊಬ್ಬನಿಗೆ ಪಂದಿಯೆಂದರೆ ಹಂದಿಯೆಂದು ಹೊಳೆಯಿತು, ಕೆರೆ ಸಿಕ್ಕಿತು. ಖಂಡುಗವೆಂಬ ಮಾತನ್ನು ಬಿಡಿಸಿ ಹೇಳಿದವನು, ಪರೀಕ್ಷೆಗಳಲ್ಲಿ ಎಂದೂ ಮುಂದೆ ಬರದಿದ್ದ ಒಬ್ಬ ರೈತನ ಮಗ. ಒಂದು ಖಂಡುಗ ಬಿತ್ತನೆ ಹಿಡಿಯುವಷ್ಟು ನೆಲವೆಂದು ಅವನ ತಾತ ಈಗಲೂ ಅಳೆಯುತ್ತಿದ್ದರಂತೆ. ಪಟ್ಟಣದ ಕಾಲೇಜಿನಲ್ಲಿ ನಿಘಂಟು ತೆರೆಯಬೇಕಾದ ಕಡೆ ನಮ್ಮ ಹಳ್ಳಿಯ ಮಕ್ಕಳಿಗೆ ಮನೆಯ ಮಾತು ಸಾಕಾಗುವುದುಂಟು. ಈ ಅನುಕೂಲವನ್ನು ನಾವು ಅಧ್ಯಾಪಕರು ಎಷ್ಟು ಮಾತ್ರವೂ ಬಳಸಿಕೊಂಡಿಲ್ಲ.

ಆ ದಿನ ತರಗತಿ ಬಿಸಿಯೇರಿದ್ದು ಒಂದು ಶಬ್ದದ ಮೇಲೆ. ಬೂತುಗನು ರಾಜಾದಿತ್ಯನನ್ನು ಇರಿದ ಸಂದರ್ಭವನ್ನು ಹೇಳುವಲ್ಲಿ ಶಾಸನದಲ್ಲಿ 'ಬಿಸುಗೆ' ಎಂಬ ಮಾತು ಬರುತ್ತದೆ. ಮೊದಮೊದಲು ಇದನ್ನು ಓದಿದವರು, ಬೂತುಗನು ಆಲಿಂಗನದ ನೆಪದಲ್ಲಿ ವಿಶ್ವಾಸಘಾತದಿಂದ ಕೊಂದನೆಂಬ ಅರ್ಥವನ್ನು ತೆಗೆದರು. ಶಾಸನವನ್ನು 'ಎಪಿಗ್ರಾಫಿಯ ಇಂಡಿಕ'ದಲ್ಲಿ ಪ್ರಕಟಿಸಿದ ಫ್ಲೀಟರು ಬಳಿಕ ಈ ಅರ್ಥವನ್ನು ತಿದ್ದಿಕೊಂಡರು. ಬಿಸುಗೆಯೆಂದರೆ ಆನೆಯ ಬೆನ್ನಿನ ಮೇಲಿನ ಪೀಠ. ಆ ಪೀಠವನ್ನೇ ಕಳನನ್ನಾಗಿ ಮಾಡಿಕೊಂಡು ಬೂತುಗನು ಇರಿದನೆಂದು ತಾತ್ಪರ್ಯ. ಚೋಳರ ತಾಮ್ರಶಾಸನದಲ್ಲಿಯೂ ರಾಜಾದಿತ್ಯನು ಆನೆಯ ಮೇಲೆ ಕುಳಿತೇ ಮಡಿದನೆಂದಿದೆ. ಒಂದು ಶಬ್ದದ ಅರ್ಥ ಬದಲಾದುದರಿಂದ ಸಾವಿರ ವರ್ಷದ ಹಿಂದಿನ ಮನುಷ್ಯನೊಬ್ಬನು ದ್ರೋಹಿಯ ಪಟ್ಟದಿಂದ ಬಿಡುಗಡೆ ಹೊಂದಿದನು. ದೊಡ್ಡ ವಿದ್ವಾಂಸರೂ ತಪ್ಪುವರು, ತಪ್ಪಿದುದನ್ನು ಬಹಿರಂಗವಾಗಿ ತಿದ್ದಿಕೊಳ್ಳುವರು ಎಂಬುದನ್ನು ವಿದ್ಯಾರ್ಥಿಗಳು ಅಂದು ಪ್ರಥಮ ಬಾರಿಗೆ ಕಣ್ಣಾರೆ ಕಂಡರು. ಅಚ್ಚಿನಲ್ಲಿ ಬಂದುದೆಲ್ಲ ಸತ್ಯವೆಂದು ನಂಬಿ ಬಂದಿದ್ದ ಮಕ್ಕಳಿಗೆ ಇದು ಸಣ್ಣ ಪಾಠವಲ್ಲ.

ಮುಂದಿನ ತಿಂಗಳು ಅದೇ ಗುಂಪನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ಆತಕೂರಿನ ಕಲ್ಲು ಇರುವುದು ಅಲ್ಲಿ. ಮದ್ದೂರಿನಿಂದ ಬಂದ ಮಕ್ಕಳು ಅದರ ಮುಂದೆ ಸಾಲಾಗಿ ನಿಂತು, ತಾವು ಗೆರೆ ಹಾಕಿದ ಮಾತುಗಳನ್ನು ಕಲ್ಲಿನಲ್ಲಿ ಹುಡುಕಿದರು. "ಇದು ನಮ್ಮೂರದ್ದಲ್ವಾ ಸಾರ್, ಇಲ್ಲೇಕದೆ?" ಎಂದು ಒಬ್ಬಳು ಕೇಳಿದಳು. ಮಳೆಗಾಳಿಗೆ ಸವೆಯದಂತೆ, ಕಳುವಾಗದಂತೆ ಇಲ್ಲಿ ಕಾಪಾಡಿರುವರೆಂದು ಉತ್ತರ ಹೇಳಿದೆ. ಉತ್ತರ ಸರಿಯಾದದ್ದೇ. ಆದರೂ ಮದ್ದೂರು ತಾಲ್ಲೂಕಿನ ಎಷ್ಟು ಶಾಲೆಗಳ ಗೋಡೆಯ ಮೇಲೆ ಈ ಕಲ್ಲಿನ ಒಂದು ಪಟವಾದರೂ ಇದೆ ಎಂಬ ಪ್ರಶ್ನೆ ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ.

ಆಕರಗಳನ್ನು ಹುಡುಕುವ ಬಗೆಯನ್ನೂ ಸ್ವಲ್ಪ ಹೇಳಬೇಕು. ಮಂಡ್ಯ ಜಿಲ್ಲೆಯು ರೂಪುಗೊಂಡದ್ದು ೧೯೩೯ರಲ್ಲಿ; ಅದಕ್ಕೆ ಮೊದಲು ಇದೆಲ್ಲ ಮೈಸೂರು ಜಿಲ್ಲೆಗೆ ಸೇರಿತ್ತು. ಆದುದರಿಂದ ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ ನಮ್ಮ ಶಾಸನಗಳು ಮೈಸೂರು ಜಿಲ್ಲೆಯ ಶೀರ್ಷಿಕೆಯಡಿ ಸಿಗುತ್ತವೆ. ಆತಕೂರಿನ ಶಾಸನವನ್ನು ಮದ್ದೂರಿನ ಅಡಿಯಲ್ಲಿ ಹುಡುಕಿದವನಿಗೆ ಅದು ಸಿಗದು. ಅದು ಮಂಡ್ಯ ೪೧. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೯ರಲ್ಲಿ ಪ್ರಕಟಿಸಿದ ಪರಿಷ್ಕೃತ ಏಳನೆಯ ಸಂಪುಟದಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿಗಳು ಒಟ್ಟಿಗೆ ಇವೆ. ಈಗ ರೈಸರ ಸಂಪುಟಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ನನ್ನ ಕಾಲದಲ್ಲಿ ಒಂದು ಪುಟ ನೋಡಲು ಮೈಸೂರಿಗೆ ಬಸ್ಸು ಹತ್ತಬೇಕಾಗಿತ್ತು.

ಅಂತರ್ಜಾಲದ ಅನುಕೂಲದೊಡನೆ ಅದರ ಅನನುಕೂಲವೂ ಬಂದಿದೆ. ಮಳವಳ್ಳಿಯ ವಿದ್ಯಾರ್ಥಿಯೊಬ್ಬನು ಒಮ್ಮೆ ಹೆಮ್ಮೆಯಿಂದ, ತನ್ನ ಊರಿನಲ್ಲಿ ಶಾತಕರ್ಣಿಯ ಕಾಲದ ಪ್ರಾಕೃತ ಸ್ತಂಭಶಾಸನವಿದೆಯೆಂದು ಬರೆದು ತಂದನು. ಆ ಮಳವಳ್ಳಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನದು. ಹೆಸರೊಂದೇ, ಊರು ಬೇರೆ. ಅವನನ್ನು ಗದರಿಸುವ ಬದಲು, ಸಂಪುಟವನ್ನು ತೆರೆಸಿ ತಾಲ್ಲೂಕಿನ ಹೆಸರನ್ನು ಅವನಿಂದಲೇ ಓದಿಸಿದೆ. ಆಮೇಲೆ ಅವನು ಎರಡು ಮಳವಳ್ಳಿಗಳ ಕುರಿತು ಒಂದು ಪುಟ ಬರೆದು ಗ್ರಂಥಾಲಯದ ಹಲಗೆಗೆ ಅಂಟಿಸಿದ. ಆ ಪುಟವನ್ನು ನಮ್ಮ ಇಬ್ಬರು ಅಧ್ಯಾಪಕರೂ ಓದಿ ತಿದ್ದಿಕೊಂಡರೆಂಬುದನ್ನು ಮೆಲ್ಲಗೆ ಹೇಳಬೇಕು.

ನಮ್ಮ ಮಳವಳ್ಳಿಗೆ ಅದರದೇ ಆದ ಆಕರಗಳಿವೆ. ೧೭೯೯ರ ಮಾರ್ಚ್ ೨೭ರಂದು ಶ್ರೀರಂಗಪಟ್ಟಣದತ್ತ ನಡೆಯುತ್ತಿದ್ದ ಜನರಲ್ ಹ್ಯಾರಿಸನ ಸೈನ್ಯಕ್ಕೂ ಟಿಪ್ಪುಸುಲ್ತಾನನ ಸೈನ್ಯಕ್ಕೂ ಇಲ್ಲಿ ಕಾಳಗ ನಡೆಯಿತು. ಮರುವರ್ಷವೇ ಬೀಟ್ಸನ್ ಎಂಬ ಅಧಿಕಾರಿ ಆ ಯುದ್ಧದ ವೃತ್ತಾಂತವನ್ನು ಪುಸ್ತಕವಾಗಿ ಪ್ರಕಟಿಸಿದನು. ವಿದ್ಯಾರ್ಥಿಗಳ ಮುಂದೆ ಅದರ ಎರಡು ಪುಟಗಳನ್ನಿಟ್ಟು, ಇದನ್ನು ಬರೆದವನು ಯಾರು, ಯಾರಿಗಾಗಿ ಬರೆದನು, ಯಾರ ಮಾತು ಇಲ್ಲಿ ಕೇಳಿಬರುವುದಿಲ್ಲ ಎಂದು ಕೇಳಿದರೆ ಸಾಕು. ಗದ್ದೆ ತುಳಿಸಿಕೊಂಡ ರೈತನ ಮಾತು ಎಲ್ಲಿದೆಯೆಂದು ಯಾರಾದರೊಬ್ಬರು ಕೇಳಿಯೇ ಕೇಳುವರು. ಅದೇ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ತು ಉತ್ಪಾದನೆಯಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದುದಕ್ಕೆ ಸರ್ಕಾರದ ವರದಿಗಳು ಬೇಕಾದಷ್ಟಿವೆ. ಧನಗೂರಿನ ಷಡಕ್ಷರದೇವನ ಕಾವ್ಯಗಳನ್ನು ನಕಲು ಮಾಡಿದ ಓಲೆಗಳ ಸಂಗತಿ ಬೇರೆಯೇ ಒಂದು ಲೇಖನವನ್ನು ಬೇಡುವಂಥದು.

ಶಿವಪುರದ ವಿಷಯಕ್ಕೆ ಹಿಂದಿರುಗೋಣ. ೧೯೩೮ರ ಏಪ್ರಿಲ್ ತಿಂಗಳಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ಮದ್ದೂರಿನ ಪಕ್ಕದ ಶಿವಪುರದಲ್ಲಿ ಸೇರಿತು. ಧ್ವಜಾರೋಹಣಕ್ಕೆ ಸರ್ಕಾರದ ನಿಷೇಧವಿದ್ದರೂ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಧ್ವಜವನ್ನೇರಿಸಿ ದಸ್ತಗಿರಿಯಾದರು. ಅದೇ ತಿಂಗಳ ೨೫ರಂದು ವಿದುರಾಶ್ವತ್ಥದಲ್ಲಿ ಗೋಲೀಬಾರು ನಡೆಯಿತು. ಹೆದ್ದಾರಿಯಲ್ಲಿ ಹೋಗಿ ಬರುವವರು ಸತ್ಯಾಗ್ರಹ ಸೌಧವನ್ನು ನೋಡಿರಬಹುದು. ಈ ಒಂದು ಘಟನೆಗೆ ಎಷ್ಟು ಬಗೆಯ ಸಾಕ್ಷ್ಯಗಳಿರಬಹುದೆಂಬುದನ್ನು ಗಮನಿಸಬೇಕು. ಸರ್ಕಾರದ ಪಕ್ಷದ ಮಾತು ಬೆಂಗಳೂರಿನ ರಾಜ್ಯ ಪತ್ರಾಗಾರದ ಕಡತಗಳಲ್ಲಿ. ಸಭೆ ಸೇರಿಸಿದವರ ಪಕ್ಷದ ಮಾತು ಅಂದಿನ ಪತ್ರಿಕೆಗಳಲ್ಲಿ ಮತ್ತು ನಾಯಕರ ಬರಹಗಳಲ್ಲಿ. ಇವೆರಡೂ ಉಳಿದಿವೆ, ಹುಡುಕಿದರೆ ಸಿಗುತ್ತವೆ. ಮೂರನೆಯದು, ಬಂದ ಜನಕ್ಕೆ ನೀರು ಮಜ್ಜಿಗೆ ಒದಗಿಸಿದವರ, ಮರದ ಮೇಲೆ ಹತ್ತಿ ನೋಡಿದ ಹುಡುಗರ, ಮನೆಯ ಜಗಲಿಯಿಂದ ಇಣುಕಿದ ಹೆಣ್ಣುಮಕ್ಕಳ ನೆನಪು. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತೇಳು ತೊಂಬತ್ತೆಂಟು. ನನ್ನ ಕೈಗೆ ಬಂದಿದ್ದು ಈ ಮೂರನೆಯ ಬಗೆಯದು, ನಾನು ಏಳು ಅಂಕ ಕೊಟ್ಟು ಕಳೆದುಕೊಂಡದ್ದೂ ಅದನ್ನೇ.

ಮಂಡ್ಯದ ನಾಲೆಯ ಕಥೆ ಇದಕ್ಕಿಂತ ವಿಸ್ತಾರವಾದುದು. ಕೃಷ್ಣರಾಜಸಾಗರದ ಕೆಲಸ ೧೯೧೧ರಲ್ಲಿ ಆರಂಭವಾಯಿತು. ಮೊದಲು ಇರ್ವಿನ್ ನಾಲೆಯೆಂದೂ ಬಳಿಕ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯ ನೀರು ೧೯೩೦ರ ದಶಕದಲ್ಲಿ ಈ ಒಣನೆಲಕ್ಕೆ ಹರಿಯಿತು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ೧೯೫೦ರ ದಶಕದ ನಡುವೆ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ನಡೆಸಿ, ೧೯೬೨ರಲ್ಲಿ ಪುಸ್ತಕ ಬರೆದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಮತ್ತೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಹಳ್ಳಿ ಬೇಸಾಯದಲ್ಲಿಯೇ ನೆಲೆನಿಂತು ಹಳೆಯ ನಡವಳಿಕೆಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತೆಂದೂ, ನೀರು ಬಾರದ ಹಳ್ಳಿಯವರು ವ್ಯಾಪಾರ, ಗಾಡಿ ಬಾಡಿಗೆ, ಪೇಟೆಯ ಕೆಲಸಗಳಿಗೆ ಕೈಹಾಕಿ ಹೆಚ್ಚು ಬದಲಾದರೆಂದೂ ಅವರು ಕಂಡರು. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂದು ನಮ್ಮ ವಿದ್ಯಾರ್ಥಿಗಳೆಲ್ಲ ಮೊದಲು ಊಹಿಸುವರು. ಊಹೆ ಸುಳ್ಳಾದಾಗಲೇ ಅವರಿಗೆ ತಮ್ಮ ಊರಿನಲ್ಲಿ ಹೇಗಾಯಿತೆಂದು ನೋಡುವ ಆಸೆ ಹುಟ್ಟುವುದು. ಆಗ ಅವರು ಪಹಣಿ ಕೇಳುತ್ತಾರೆ, ಶಾನುಭೋಗರ ಮನೆತನದವರನ್ನು ಹುಡುಕುತ್ತಾರೆ. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದ ಮೇಲೆ ಶಾನುಭೋಗರ ಲೆಕ್ಕಗಳಲ್ಲಿ ಕೆಲವು ತಾಲ್ಲೂಕು ಕಚೇರಿ ಸೇರಿದುವು, ಕೆಲವು ಅಟ್ಟದ ಮೇಲೆ ಉಳಿದುವು. ಅಟ್ಟದ ಮೇಲಿನವನ್ನು ಗೆದ್ದಲು ಕಾಯುತ್ತಿರುತ್ತದೆ.

ಇಷ್ಟೆಲ್ಲ ಓದಿ ಬರೆದುದನ್ನು ಇಡುವುದೆಲ್ಲಿ? ಇದಕ್ಕೆ ಕನ್ನಡದಲ್ಲಿ ಈಗ ಸ್ಥಳಗಳಿವೆ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶವನ್ನು ೨೦೧೪ರಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಡಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದರ ಲೇಖನಗಳನ್ನು ಬೆರಳಚ್ಚು ಮಾಡಿ ಕನ್ನಡ ವಿಕಿಸೋರ್ಸ್ ಎಂಬ ತೆರೆದ ಗ್ರಂಥಾಲಯಕ್ಕೆ ಸೇರಿಸುವುದರಲ್ಲಿ ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳು ತೊಡಗಿದರು. ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಿಂದ ಶಾಸನದ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಿಡುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಆ ಪ್ರತಿಯಲ್ಲಿ ಎದ್ದು ಕಾಣುವುದುಂಟು. ಆದರೆ ಇದಕ್ಕೆಲ್ಲ ಕಂಪ್ಯೂಟರೇ ಬೇಕೆಂದು ಯಾರೂ ಭಾವಿಸಬೇಕಾಗಿಲ್ಲ. ಎರಡು ಪ್ರತಿ ಬರೆಸಿ ಒಂದನ್ನು ಕಾಲೇಜಿನ ಗ್ರಂಥಾಲಯದಲ್ಲಿ, ಇನ್ನೊಂದನ್ನು ಊರಿನ ಶಾಲೆಯಲ್ಲಿ ಬೈಂಡು ಮಾಡಿಸಿ ಇಟ್ಟರೂ ಅದು ಮುಕ್ತ ಬೋಧನೆಯೇ. ನಾನು ಕಡೆಯ ಹತ್ತು ವರ್ಷ ಮಾಡಿದ್ದು ಬಹುಪಾಲು ಅಷ್ಟೇ.

ಬರೆದುದನ್ನು ಊರಿನವರು ಓದುವರೆಂದು ತಿಳಿದಾಗ ವಿದ್ಯಾರ್ಥಿಯ ಕೈಬರಹವೇ ಬದಲಾಗುತ್ತದೆ. ಇದು ಉತ್ಪ್ರೇಕ್ಷೆಯಲ್ಲ. ಅಂಕಕ್ಕಾಗಿ ಬರೆಯುವವನು ತಪ್ಪನ್ನು ಅಡಗಿಸಲು ನೋಡುವನು. ಊರಿಗಾಗಿ ಬರೆಯುವವನು, "ಸಾರ್, ಈ ಇಸವಿ ಸರಿಯೇ, ಇನ್ನೊಮ್ಮೆ ನೋಡಿಬಿಡಿ" ಎಂದು ಮನೆಯ ಬಾಗಿಲಿಗೆ ಬರುವನು. ಈ ಕ್ರಮದಲ್ಲಿ ತೊಡಕುಗಳಿಲ್ಲವೆಂದಲ್ಲ. ಪಠ್ಯ ಮುಗಿಯುವುದಿಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ಒಂದು ಸೆಮಿಸ್ಟರಿಗೆ ಒಂದೇ ಆಕರವೆಂದು ಮಿತಿ ಹಾಕಿಕೊಂಡರೆ ಮಾತ್ರ ನಿಭಾಯಿಸಬಹುದು. ಹೆಚ್ಚಿನ ತೊಡಕು ಬೇರೆಯದು. ಹಳೆಯ ದಾಖಲೆಗಳಲ್ಲಿ ಸಾಲದ ಲೆಕ್ಕವಿರುತ್ತದೆ, ಜಾತಿಯ ಹೆಸರಿರುತ್ತದೆ, ಇಂದು ಯಾರೂ ಆಡಬಾರದ ಮಾತುಗಳಿರುತ್ತವೆ, ಅಣ್ಣತಮ್ಮಂದಿರ ವ್ಯಾಜ್ಯವಿರುತ್ತದೆ. ಒಬ್ಬ ವಿದ್ಯಾರ್ಥಿ ತನ್ನ ಮನೆಯ ಹಳೆಯ ಕ್ರಯಪತ್ರವನ್ನು ತರಗತಿಗೆ ತಂದು, ಅದರಿಂದ ದಾಯಾದಿಗಳಲ್ಲಿ ಮಾತು ನಿಂತುಹೋದ ಪ್ರಸಂಗವನ್ನು ನಾನೇ ಬಗೆಹರಿಸಬೇಕಾಯಿತು. ಆಮೇಲೆ ಒಂದು ನಿಯಮ ಮಾಡಿಕೊಂಡೆ: ಬದುಕಿರುವವರ ಹಾಗೂ ಅವರ ತಂದೆತಾಯಿಗಳ ವಿಷಯವಾದರೆ ಆ ಮನೆಯವರು ಓದಿ ಒಪ್ಪಿದ ಮೇಲೆಯೇ ಹೊರಗಿಡುವುದು, ಅಜ್ಜಿಯ ಮಾತನ್ನು ಬರೆದುಕೊಂಡರೆ ಮೊದಲು ಅಜ್ಜಿಗೇ ಓದಿ ಹೇಳುವುದು. ಮುಕ್ತವೆಂದರೆ ಎಲ್ಲವನ್ನೂ ಬಯಲಿಗೆಳೆಯುವುದೆಂದು ಅರ್ಥವಲ್ಲ.

ಈ ಸಂಚಿಕೆಯ ವಾಚಕರಿಗೆ ಫ. ಗು. ಹಳಕಟ್ಟಿಯವರ ಹೆಸರನ್ನು ನೆನಪಿಸಬೇಕಾದ ಅಗತ್ಯವಿಲ್ಲ. ವಕೀಲರಾಗಿದ್ದ ಅವರು ಮಠಗಳಲ್ಲಿಯೂ ಮನೆಗಳಲ್ಲಿಯೂ ಇದ್ದ ಓಲೆಗರಿಯ ಕಟ್ಟುಗಳನ್ನು ಅರಸಿ, ನಕಲು ಮಾಡಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ೧೯೨೫ರಲ್ಲಿ ವಿಜಾಪುರದಲ್ಲಿ ತಾವೇ ಮುದ್ರಣಾಲಯ ಮಾಡಿದರು. ಪೆಟ್ಟಿಗೆಯಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಗಳು ಹೀಗೆ ಎಲ್ಲರ ಕೈಗೆ ಬಂದುವು. ಅವರಿಗೆ ಕಟ್ಟು ಬಿಚ್ಚಿ ತೋರಿಸಿದ ಮನೆಗಳಿದ್ದುವು ಎಂಬುದನ್ನು ನಾವು ಮರೆಯುತ್ತೇವೆ. ಬಿಚ್ಚಿ ತೋರಿಸದಿದ್ದ ಮನೆಗಳ ಓಲೆಗಳು ಏನಾದುವೋ ಯಾರು ಬಲ್ಲರು?

ಈಗ ದಾನಿಗಳಲ್ಲಿ ಅರಿಕೆ ಮಾಡಿಕೊಳ್ಳುವೆನೆಂದ ಮಾತಿಗೆ ಬರುತ್ತೇನೆ. ಪ್ರತಿಯೊಂದು ಹಳೆಯ ಶಾಲೆಯೂ ತನಗರಿವಿಲ್ಲದೆಯೇ ಒಂದು ಪತ್ರಾಗಾರವಾಗಿರುತ್ತದೆ. ಅಡ್ಮಿಷನ್ ರಿಜಿಸ್ಟರಿನಲ್ಲಿ ಯಾವ ಯಾವ ಊರಿನಿಂದ ಮಕ್ಕಳು ಬಂದರು, ತಂದೆಯ ಕಸುಬೇನು, ಹೆಣ್ಣುಮಕ್ಕಳ ಹೆಸರು ಮೊದಲು ಯಾವ ವರ್ಷ ಕಾಣಿಸಿತು, ಎಷ್ಟನೆಯ ತರಗತಿಗೆ ನಿಂತುಹೋಯಿತು ಎಂಬುದೆಲ್ಲ ಇದೆ. ಪ್ರಸಾದ ನಿಲಯದ ಲೆಕ್ಕದ ಪುಸ್ತಕದಲ್ಲಿ ಯಾವ ಊರಿನ ಭಕ್ತರು ಯಾವ ವರ್ಷ ಎಷ್ಟು ಪಲ್ಲ ರಾಗಿ ಕೊಟ್ಟರು, ಎಷ್ಟು ಭತ್ತ ಕೊಟ್ಟರೆಂದು ಬರೆದಿರುತ್ತಾರೆ. ರಾಗಿಯ ಸಾಲು ಸಣ್ಣದಾಗಿ ಭತ್ತದ ಸಾಲು ದೊಡ್ಡದಾದುದು ಯಾವ ವರ್ಷ? ನಾಲೆ ಬಂದ ಊರುಗಳೂ ಬಾರದ ಊರುಗಳೂ ಬೇರೆ ಬೇರೆಯಾಗಿ ಕಾಣುತ್ತವೆಯೇ? ಎಪ್‌ಸ್ಟೀನರು ಎರಡು ಹಳ್ಳಿಗಳಲ್ಲಿ ಕೇಳಿದ ಪ್ರಶ್ನೆಯನ್ನು ಈ ಒಂದು ಪುಸ್ತಕದಿಂದ ಐವತ್ತು ಹಳ್ಳಿಗಳಿಗೆ ಕೇಳಬಹುದು. ಇದನ್ನು ಕೇಳಲು ವಿದೇಶದ ವಿದ್ವಾಂಸರು ಬರಬೇಕಾಗಿಲ್ಲ, ಇದೇ ಶಾಲೆಯಲ್ಲಿ ಓದಿ ಈಗ ಬಿ.ಎ. ತರಗತಿಯಲ್ಲಿರುವ ಹತ್ತು ಮಂದಿ ಸಾಕು.

ಕಳೆದ ಬೇಸಿಗೆಯಲ್ಲಿ ಆಡಳಿತ ಮಂಡಲಿಯವರ ಅನುಮತಿ ಪಡೆದು ಹಳೆಯ ದಾಖಲೆಗಳ ಕೊಠಡಿಯನ್ನು ನೋಡಿ ಬಂದೆ. ಒಂದು ಕಿಟಕಿಯ ಗಾಜು ಒಡೆದಿದೆ. ಕೆಳಗಿನ ಸಾಲಿನ ಪುಸ್ತಕಗಳಿಗೆ ನೀರು ತಾಗಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಮೇಲಿನವು ಚೆನ್ನಾಗಿವೆ. ಹೊಸ ಕಟ್ಟಡದ ನಿಧಿಗೆ ಉದಾರವಾಗಿ ನೀಡುತ್ತಿರುವ ಮಹನೀಯರು ಅದರಲ್ಲಿ ಒಂದು ಸಣ್ಣ ಭಾಗವನ್ನು ನಾಲ್ಕು ಕಬ್ಬಿಣದ ಬೀರುಗಳಿಗೂ, ಒಂದು ಮೇಜಿಗೂ, ಪುಸ್ತಕಗಳ ಪಟ್ಟಿ ಮಾಡುವ ಇಬ್ಬರು ವಿದ್ಯಾರ್ಥಿಗಳ ಒಂದು ವರ್ಷದ ವೇತನಕ್ಕೂ ಎಂದು ಗೊತ್ತುಮಾಡಿದರೆ, ಮುಂದಿನ ಮಳೆಗಾಲಕ್ಕೆ ಮೊದಲೇ ಕೆಲಸ ಆರಂಭಿಸಬಹುದು. ಪಟ್ಟಿಯ ಒಂದು ಪ್ರತಿಯನ್ನು ಗ್ರಂಥಾಲಯದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಬದುಕಿರುವವರ ಹೆಸರುಗಳಿರುವ ಪುಸ್ತಕಗಳನ್ನು ಮಾತ್ರ ಕೇಳಿ ಪಡೆಯುವಂತೆ ಬೇರೆಯಿಡಬೇಕು. ಕಿಟಕಿಯ ಗಾಜಿನ ಕ್ರಯವನ್ನು ನಾನು ಈಗಾಗಲೇ ಕಚೇರಿಗೆ ಕಟ್ಟಿ ರಸೀದಿ ಪಡೆದಿದ್ದೇನೆ.